ಮೂರನೆಯ ಪ್ರತಿ

ಸಾಗರ
9 ಜೂನ್ 2024

ಪ್ರೇರಣಾ,

ಎರಡೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಾದರೆ ಒಬ್ಬಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳು ಬಾಯಿ ಹಾಕುವುದು ನಮ್ಮಿಬ್ಬರ ಹಳೆಯ ಚಾಳಿ. ಕಾಗದದಲ್ಲಿ ಆ ತೊಂದರೆ ಇಲ್ಲ.

ಇದು ಕೆಲಸದ ಪತ್ರ. ತೀರ್ಥಹಳ್ಳಿಯ ನಿಮ್ಮ ಟ್ರಸ್ಟ್‌ನಿಂದ ಹೋದ ವಾರ ಬಂದ ಕಾಗದದ ಕೆಳಗೆ ‘ಸಂಯೋಜಕಿ’ ಎಂದು ನಿನ್ನ ಸಹಿ ಇತ್ತು. ಮದುವೆ ಹಾಡಿನ ಪದಗಳನ್ನು ರೆಕಾರ್ಡ್ ಮಾಡುವ ಕೆಲಸಕ್ಕೆ ನಾನು ಒಪ್ಪಿಕೊಂಡಾಗ ನೀನು ಅಲ್ಲಿರಲಿಲ್ಲ. ಇದ್ದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಇಲ್ಲವೋ, ಈಗ ಅದನ್ನು ಯೋಚಿಸುವುದಿಲ್ಲ.

ಪದ ಹೇಳಿದವಳು ಬಂಗಾರಮ್ಮ, ನನ್ನ ದೊಡ್ಡಮ್ಮ. ಕಾಲೇಜಿನಲ್ಲಿದ್ದಾಗ ಹೊಸನಗರದ ಆಚೆ ಹಾರಂಬಳ್ಳಿಗೆ ಹೋಗಿ ಅವಳ ಹತ್ತಿರ ಗೋಡೆಗೆ ಹಸೆ ಚಿತ್ತಾರ ಬರೆಯುವುದನ್ನು ಕಲಿಯಲು ಕೂತಿದ್ದೆವಲ್ಲ, ಅವಳೇ. ಭತ್ತ ಕುಟ್ಟುವ ಪದದಿಂದ ಹಿಡಿದು ಹೆಣ್ಣು ಒಪ್ಪಿಸುವ ಪದದವರೆಗೆ ಒಂದು ಮದುವೆಗೆ ಬೇಕಾದ ಎಲ್ಲ ಪದಗಳೂ ಅವಳಿಗೆ ಬರುತ್ತವೆ. ಎರಡು ವರ್ಷದಲ್ಲಿ ನಲವತ್ಮೂರು ಗಂಟೆ ಹಿಡಿದಿದ್ದೇನೆ. ಸಂಕ್ರಾಂತಿಯ ಮೇಲೆ ಅವಳ ದನಿ ಒಡೆಯಿತು. ಗಂಟಲಲ್ಲಿ ಗಡ್ಡೆ. ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿ ಆಯಿತು, ಕರಗಲಿಲ್ಲ. ಆಗಸ್ಟ್‌ನಲ್ಲಿ ಮಂಗಳೂರಿನಲ್ಲಿ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಆಮೇಲೆ ಮಾತಿಲ್ಲ. ಅಷ್ಟರೊಳಗೆ ಸರಿಮಾಡಿದ ಒಂದೊಂದು ಪದವನ್ನೂ ಅವಳಿಗೆ ಕೇಳಿಸಿ, ತಪ್ಪಿದ್ದರೆ ಅವಳ ಬಾಯಿಂದಲೇ ಹೇಳಿಸಿಕೊಳ್ಳಬೇಕು.

ಇಂಥ ಹೊತ್ತಿನಲ್ಲಿ ನಿಮ್ಮ ಟ್ರಸ್ಟ್ ಕೊಟ್ಟ ಎಡಿಟಿಂಗ್ ಸಾಫ್ಟ್‌ವೇರ್ ತಾನಾಗಿಯೇ ಅಪ್‌ಡೇಟ್ ಆಯಿತು. ಇನ್ನು ಮೇಲೆ ಫೈಲುಗಳು ಲ್ಯಾಪ್‌ಟಾಪಿನ ಒಳಗಿನ ಡಿಸ್ಕ್‌ನಲ್ಲಿರಬೇಕಂತೆ, ಇಲ್ಲವೇ ಆ ಕಂಪನಿಯ ಕ್ಲೌಡ್‌ನಲ್ಲಿ. ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಿದರೆ ಅದರ ಹೆಸರು ಬೂದು ಬಣ್ಣದಲ್ಲಿ ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ನನ್ನ ಲ್ಯಾಪ್‌ಟಾಪಿನ ಹೊಟ್ಟೆ ಚಿಕ್ಕದು. ನಲವತ್ಮೂರು ಗಂಟೆಯೂ ಇರುವುದು ಹಾರ್ಡ್‌ಡಿಸ್ಕ್‌ನಲ್ಲಿ. ಹಾರಂಬಳ್ಳಿಯಲ್ಲಿ ಗುಡ್ಡ ಹತ್ತಿದರೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ, ಅಷ್ಟೇ.

ನಾನು ಕೇಳುವುದು ಒಂದೇ: ಬೇರೆ ಸಾಫ್ಟ್‌ವೇರ್‌ನಲ್ಲಿ ಕೆಲಸ ಮುಗಿಸಿ, ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವಂಥ ಸಾದಾ ಫೈಲುಗಳನ್ನು ಕೊಡಲು ಲಿಖಿತ ಒಪ್ಪಿಗೆ ಕೊಡು.

ಸ್ವಾತಿ

*

ತೀರ್ಥಹಳ್ಳಿ
17 ಜೂನ್ 2024

ಪ್ರೀತಿಯ ಸ್ವಾತಿ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಸ್ವಲ್ಪ ಹೊತ್ತು ಒಡೆಯಲೇ ಇಲ್ಲ. ಬಂಗಾರಮ್ಮನ ವಿಷಯ ಓದಿ ಸಂಕಟವಾಯಿತು. ನಾನು ಬರೆದ ಹಸೆ ಗೆರೆ ಸೊಟ್ಟಗಾದಾಗ “ಇರ್ಲಿ ಬಿಡೆ, ಗ್ವಾಡೆನೂ ಸೊಟ್ಟಗೇ ಇದೆ” ಅಂದಿದ್ದರು.

ಆದರೂ ಒಪ್ಪಿಗೆ ಕೊಡಲು ನನ್ನಿಂದ ಆಗುವುದಿಲ್ಲ. ಟ್ರಸ್ಟ್‌ನ ಹನ್ನೆರಡು ಕೆಲಸಗಳು ಹನ್ನೆರಡು ಕಡೆ ನಡೆಯುತ್ತಿವೆ. ಎಲ್ಲರೂ ಒಂದೇ ಸಾಫ್ಟ್‌ವೇರ್ ಬಳಸಿ ಒಂದೇ ಕಡೆ ಇಟ್ಟರೆ ಮಾತ್ರ ಏನೂ ಕಳೆಯುವುದಿಲ್ಲ. ಈ ನಿಯಮವನ್ನು ಸಮಿತಿಯ ಮುಂದೆ ಇಟ್ಟವಳು ನಾನೇ. ನೀನು ಡಿಸ್ಕ್ ತೆಗೆದುಕೊಂಡು ನಮ್ಮ ಆಫೀಸಿಗೆ ಬಾ. ಇಲ್ಲಿ ನೆಟ್ ಚೆನ್ನಾಗಿದೆ, ಎರಡು ದಿನದಲ್ಲಿ ಎಲ್ಲವೂ ಕ್ಲೌಡ್‌ಗೆ ಏರುತ್ತದೆ. ಆಮೇಲೆ ಸಾಗರದಲ್ಲೇ ಕೂತು ಎಡಿಟ್ ಮಾಡು.

ಚೀಲದಲ್ಲಿ ಓಡಾಡುವ ಹಾರ್ಡ್‌ಡಿಸ್ಕ್ ಮೇಲೆ ನನಗೆ ನಂಬಿಕೆ ಇಲ್ಲ. ಯಾಕೆಂದು ನಿನಗೆ ಹೇಳಬೇಕಾಗಿಲ್ಲ.

ನಿನ್ನ
ಪ್ರೇರಣಾ

*

ಸಾಗರ
26 ಜೂನ್ 2024

ಪ್ರೇರಣಾ,

ಹೇಳಬೇಕಾಗಿಲ್ಲ ಎಂದು ಬರೆದೆ. ಹಾಗಾದರೆ ನಾನೇ ಹೇಳುತ್ತೇನೆ. 2021ರ ದೀಪಾವಳಿಯಲ್ಲಿ ನನ್ನ ಅಜ್ಜ ಜಟ್ಟಿಂಗಪ್ಪ ಮನೆಮನೆಗೆ ದೀಪ ಹಿಡಿದು ಹೋಗಿ ಹಾಡಿದ ಅಂಟಿಗೆ ಪಂಟಿಗೆ ಪದಗಳನ್ನು ನಾವಿಬ್ಬರೂ ಹಿಡಿದೆವು. ಡಿಸ್ಕ್ ನಿನ್ನ ಬಳಿ ಇತ್ತು. ಜನವರಿಯಲ್ಲಿ ಅಜ್ಜ ತೀರಿಕೊಂಡರು. ಮೂರು ದಿನದ ಮೇಲೆ ನೀನು ಫೋನ್ ಮಾಡಿ, ನಿನ್ನೆ ಡಿಸ್ಕ್ ಬಿದ್ದು ಹಾಳಾಯಿತು ಅಂದೆ. ಅಲ್ಲಿ ತಪ್ಪಿದ್ದು ಡಿಸ್ಕ್ ಅಲ್ಲ. ಒಂದೇ ಕಡೆ ಇಟ್ಟದ್ದು ತಪ್ಪು. ಈಗ ನೀನು ಮಾಡಲು ಹೊರಟಿರುವುದೂ ಅದನ್ನೇ, ಮತ್ತೆ ಒಂದೇ ಕಡೆ ಇಡುವುದನ್ನು. ಜಾಗ ಮಾತ್ರ ದೊಡ್ಡದು.

ಭಾನುವಾರ ಹಾರಂಬಳ್ಳಿಗೆ ಹೋಗಿ ದೊಡ್ಡಮ್ಮನನ್ನೇ ಕೇಳಿದೆ. ಪದ ಅವಳದು, ಮಾತೂ ಅವಳದೇ ಆಗಬೇಕು. ಅವಳ ದನಿ ಈಗ ಒಣಗಿದ ಎಲೆ ಉಜ್ಜಿದ ಹಾಗಿದೆ, ಹತ್ತಿರ ಕೂತರೆ ಮಾತ್ರ ಕೇಳುತ್ತದೆ. ಕ್ಲೌಡ್ ಎಂದರೆ ಏನೆಂದು ನನಗೆ ತಿಳಿದಷ್ಟು ಹೇಳಿದೆ. ದೂರದ ಊರಿನ ಯಾವುದೋ ಕಂಪನಿಯ ಕಂಪ್ಯೂಟರ್, ನಮ್ಮ ಫೈಲ್ ಅಲ್ಲಿರುತ್ತದೆ, ಬೇಕಾದಾಗ ಅಲ್ಲಿಂದ ತರಿಸಿಕೊಳ್ಳುವುದು ಎಂದು.

“ಅದ್ಕೆ ಬಾಗ್ಲು ಇರ್ತದಾ?” ಎಂದಳು.

“ಇರ್ತದೆ. ಪಾಸ್‌ವರ್ಡ್ ಇರ್ತದೆ.”

“ನಾಳೆ ಕಾಂತನ ಮಗಳ ಮದ್ವೆಗೆ ನನ್ ಪದ ಬೇಕು ಅಂದ್ರೆ ಯಾರನ್ನ ಕೇಳ್ಬೇಕು?”

ಕಾಂತ ಎಂದರೆ ಅವಳ ಮಗ ಕಾಂತರಾಜ್. ನಾನು ನಿಜ ಹೇಳಿದೆ. ಟ್ರಸ್ಟ್‌ನವರು ಚಂದಾ ಕಟ್ಟುವವರೆಗೆ ನಾವು ತೆಗೆಯಬಹುದು, ಕಟ್ಟುವುದು ನಿಂತರೆ ತೊಂಬತ್ತು ದಿನದ ಮೇಲೆ ಅಳಿಸುತ್ತಾರೆ ಅಂತ ಕರಾರಿನಲ್ಲಿದೆ ಎಂದೆ. ಅದಕ್ಕೆ ಅವಳು ಹೇಳಿದಳು:

“ನಮ್ಮವ್ವ ನಂಗೆ ಕಲ್ಸ್ವಾಗ ಯಾರ್ ಅಪ್ಪಣೆನೂ ಕೇಳ್ಲಿಲ್ಲ. ಕೇಳಕ್ಕೆ ಬಂದೋರಿಗೆಲ್ಲ ಕೊಡು, ಬ್ಯಾಡ ಅನ್ಬೇಡ. ಬೀಗದ ಕೈ ಮಾತ್ರ ನಾಕು ಮನೇಲಿ ಇರ್ಲಿ. ಒಬ್ರ ಸೊಂಟದಾಗೆ ಬ್ಯಾಡ.”

ಹಾಗಾಗಿ ತೀರ್ಮಾನಿಸಿದ್ದೇನೆ. ಯಾವ ಡಿಸ್ಕ್ ಬೇಕಾದರೂ ಒಪ್ಪುವ ಒಂದು ಉಚಿತ ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಹಳೆಯದರಲ್ಲಿ ಸರಿಮಾಡಿದ್ದ ಹದಿನೆಂಟು ಗಂಟೆಯ ಕೆಲಸ ಇದರಲ್ಲಿ ತೆರೆಯುವುದಿಲ್ಲ. ಮೂಲದಿಂದ ಮತ್ತೆ ಶುರು ಮಾಡುತ್ತೇನೆ. ನಿಮ್ಮ ಒಪ್ಪಿಗೆ ಬಂದರೂ ಸರಿ, ಬರದಿದ್ದರೂ ಸರಿ.

ಸ್ವಾತಿ

*

ತೀರ್ಥಹಳ್ಳಿ
22 ಜುಲೈ 2024

ಸ್ವಾತಿ,

ನಿನ್ನ ಪತ್ರವನ್ನು ನಮ್ಮ ಅಧ್ಯಕ್ಷರಾದ ವೆಂಕಟರಾಮ ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ ಸಮಿತಿಗೆ ಕೊಟ್ಟರು. ಸಮಿತಿ ಒಪ್ಪಲಿಲ್ಲ. ಸೆಪ್ಟೆಂಬರ್ ಕೊನೆಯೊಳಗೆ ನಮ್ಮ ಸಾಫ್ಟ್‌ವೇರ್‌ನಲ್ಲೇ ಕೆಲಸ ಬರದಿದ್ದರೆ ಅದನ್ನು ಯೋಜನೆಯಿಂದ ಕೈಬಿಡುವುದಾಗಿ ನಿರ್ಣಯ ಆಗಿದೆ. ಆ ಕಾಗದ ಬೇರೆಯಾಗಿ ಬರುತ್ತದೆ. ಅದರ ಮೇಲೂ ನನ್ನದೇ ಸಹಿ ಇರುತ್ತದೆ.

ಇನ್ನು ಬರೆಯುವುದು ಸಂಯೋಜಕಿಯಾಗಿ ಅಲ್ಲ.

ಡಿಸ್ಕ್ ಬಿದ್ದದ್ದು ನಾನು ಹೇಳಿದ ‘ನಿನ್ನೆ’ ಅಲ್ಲ. ಅದಕ್ಕೂ ಹತ್ತು ದಿನ ಮೊದಲು ಮೇಗರವಳ್ಳಿಯಲ್ಲಿ ಬಸ್ ಇಳಿಯುವಾಗ ಚೀಲ ಜಾರಿತು. ಮನೆಗೆ ಹೋಗಿ ಜೋಡಿಸಿದರೆ ಟಿಕ್ ಟಿಕ್ ಎಂದು ಸದ್ದು ಬಂತೇ ಹೊರತು ಏನೂ ತೆರೆಯಲಿಲ್ಲ. ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯನ್ನು ಜಾಗ ಸಾಲದೆಂದು ಹಿಂದಿನ ವಾರವಷ್ಟೇ ಅಳಿಸಿದ್ದೆ. ಶಿವಮೊಗ್ಗದ ಒಂದು ಅಂಗಡಿಗೆ ಕೊಟ್ಟೆ. ಅವರು ಇವತ್ತು ನಾಳೆ ಎನ್ನುತ್ತಿದ್ದರು. ಸರಿಹೋಗುತ್ತದೆ, ನಿನಗೆ ಹೇಳುವುದೇ ಬೇಡ ಎಂದುಕೊಂಡೆ. ಎಂಟನೆಯ ದಿನ ಅಜ್ಜ ತೀರಿಕೊಂಡ ಸುದ್ದಿ ಬಂತು.

ಬಿದ್ದ ದಿನವೇ ಹೇಳಿದ್ದರೆ ನೀನು ಮಾರನೆಯ ದಿನ ಮೈಕ್ ಹಿಡಿದು ಅಜ್ಜನ ಮುಂದೆ ಕೂರುತ್ತಿದ್ದೆ. ಅವರಿಗೆ ಅಷ್ಟು ಶಕ್ತಿ ಇತ್ತು. ಒಂದು ಪದವಾದರೂ ಉಳಿಯುತ್ತಿತ್ತು.

ಇದನ್ನು ನಾನು ಯಾರಿಗೂ ಹೇಳಿಲ್ಲ. ಎಲ್ಲವೂ ಕ್ಲೌಡ್‌ಗೆ ಹೋಗಬೇಕೆಂದು ನಿಯಮ ಮಾಡಿಸಿದ್ದು ಹಾಡುಗಳನ್ನು ಉಳಿಸಲಿಕ್ಕೆ ಎಂದು ತಿಳಿದಿದ್ದೆ. ನಿನ್ನ ಪತ್ರ ಓದಿದ ಮೇಲೆ, ನನ್ನ ಕೈಗೆ ಇನ್ನೆಂದೂ ಏನೂ ಬಾರದಿರಲಿ ಎಂದು ಮಾಡಿಸಿದೆನೇನೋ ಅನ್ನಿಸುತ್ತಿದೆ.

ಉತ್ತರ ಬೇಕೆಂದು ಕೇಳುವುದಿಲ್ಲ.

ಪ್ರೇರಣಾ

*

ಸಾಗರ
5 ಸೆಪ್ಟೆಂಬರ್ 2024

ಪ್ರೇರಣಾ,

ನಿನ್ನ ಪತ್ರ ಓದಿದ ದಿನ ಒಂದು ಉತ್ತರ ಬರೆದೆ. ನಾಲ್ಕು ಪುಟ. ಅದನ್ನು ಅಂಚೆಗೆ ಹಾಕಲಿಲ್ಲ, ಹರಿದೂ ಹಾಕಲಿಲ್ಲ. ಅಜ್ಜನ ವಿಷಯ ಈಗ ಬರೆಯಲಾರೆ. ಕೆಲಸದ ಮಾತು ಬರೆಯುತ್ತೇನೆ.

ಆಗಸ್ಟ್ ಇಪ್ಪತ್ತಕ್ಕೆ ಆಪರೇಷನ್ ಆಯಿತು. ಅಲ್ಲಿಯವರೆಗೆ ಪ್ರತಿ ಶನಿವಾರ ಭಾನುವಾರ ಹಾರಂಬಳ್ಳಿಗೆ ಹೋಗುತ್ತಿದ್ದೆ. ವಾರವಿಡೀ ಇಲ್ಲಿ ಕೆಳದಿ ರಸ್ತೆಯ ನನ್ನ ಕೋಣೆಯಲ್ಲಿ ಸರಿಮಾಡಿದ್ದನ್ನು ಅಲ್ಲಿ ಜಗುಲಿಯಲ್ಲಿ ಕೂತು ಕೇಳಿಸುವುದು. ಹೊಟ್ಟೆಪಾಡಿಗೆ ಮಾಡುವ ಮದುವೆ ವಿಡಿಯೋ ಕೆಲಸಗಳನ್ನೆಲ್ಲ ಬಿಟ್ಟೆ. ದೊಡ್ಡಮ್ಮ ಕಣ್ಣು ಮುಚ್ಚಿ ಕೇಳಿ, “ಇಲ್ಲಿ ಇವ್ಳು ಒಂದ್ ಸಾಲು ನುಂಗಿದಾಳೆ” ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಮೂವತ್ತೊಂದು ಪದ ಮುಗಿದವು. ಹನ್ನೆರಡು ಉಳಿದವು. ಅಷ್ಟರಲ್ಲಿ ದಿನ ಬಂದುಬಿಟ್ಟಿತು.

ಆಪರೇಷನ್ನಿಗೆ ಕರೆದೊಯ್ಯುವ ಮೊದಲು ಅವಳು ನನ್ನನ್ನು ಹತ್ತಿರ ಕರೆದಳು. ಏನೋ ದೊಡ್ಡ ಮಾತು ಹೇಳುತ್ತಾಳೆಂದು ಬಾಗಿದೆ.

“ಹನ್ನೆರಡು ಉಳ್ದಾವೆ. ಹಂಗೇ ಬಿಟ್ಟೀಯ ಮತ್ತೆ” ಎಂದಳು. ನಾನು ಕೇಳಿದ ಅವಳ ಕೊನೆಯ ಮಾತು ಅದು.

ಈಗ ಕತ್ತಿನಲ್ಲಿ ಒಂದು ತೂತು, ಅಲ್ಲಿಂದಲೇ ಉಸಿರಾಟ. ಮನೆಗೆ ಬಂದಿದ್ದಾಳೆ. ಗಂಜಿ ಕುಡಿಯುತ್ತಾಳೆ. ಕೋಳಿ ಒಳಗೆ ಬಂದರೆ ಚಪ್ಪಾಳೆ ತಟ್ಟಿ ಓಡಿಸುತ್ತಾಳೆ.

ನಿಮ್ಮ ನಿರ್ಣಯದ ಕಾಗದ ಬಂತು. ಯೋಜನೆಯಿಂದ ಕೈಬಿಡುವುದಾದರೆ ಬಿಡಲಿ. ಕೆಲಸವನ್ನು ನಾನು ಬಿಡುವುದಿಲ್ಲ.

ಈ ಪತ್ರ ತಂದವನು ನನ್ನ ತಮ್ಮ ಗಿರಿಧರ. ಅವನ ಕೈಯಲ್ಲಿರುವ ಡಬ್ಬಿಯಲ್ಲಿ ಒಂದು ಹಾರ್ಡ್‌ಡಿಸ್ಕ್ ಇದೆ. ನಲವತ್ಮೂರು ಗಂಟೆಯ ಮೂಲ, ಮುಗಿದ ಮೂವತ್ತೊಂದು ಪದ, ಎಲ್ಲವೂ ಅದರಲ್ಲಿವೆ. ಒಂದು ಪ್ರತಿ ಹಾರಂಬಳ್ಳಿಯಲ್ಲಿ, ಒಂದು ನನ್ನ ಹತ್ತಿರ. ಇದು ಮೂರನೆಯದು. ನಾಲ್ಕನೆಯದನ್ನು ಎಲ್ಲಿಡಬೇಕೆಂದು ದೊಡ್ಡಮ್ಮ ಇನ್ನೂ ಹೇಳಿಲ್ಲ.

ಮೂರನೆಯದು ಯಾರಿಗೆ ಎಂದು ಕೇಳಿದಾಗ, ಆಪರೇಷನ್ನಿಗೂ ಮೊದಲು, ಅವಳು ನಿನ್ನ ಹೆಸರು ಹೇಳಿದಳು. ಆಗುವುದಿಲ್ಲ ಎಂದೆ. “ಕಳ್ಕಂಡೋಳಿಗೆ ಇಟ್ಕಳದು ಗೊತ್ತಿರ್ತದೆ” ಎಂದಳು. ನಿನ್ನ ಜುಲೈ ಪತ್ರದ ವಿಷಯ ನಾನು ಅವಳಿಗೆ ಹೇಳಿರಲಿಲ್ಲ, ಈಗಲೂ ಹೇಳಿಲ್ಲ.

ಬೇಡವಾದರೆ ಗಿರಿಧರನ ಕೈಯಲ್ಲೇ ವಾಪಸು ಕಳಿಸು. ಇಟ್ಟುಕೊಂಡರೆ ಆರು ತಿಂಗಳಿಗೊಮ್ಮೆ ತೆರೆದು ನೋಡಬೇಕು.

ಸ್ವಾತಿ

*

ತೀರ್ಥಹಳ್ಳಿ
6 ಅಕ್ಟೋಬರ್ 2024

ಸ್ವಾತಿ,

ಡಬ್ಬಿ ಇಟ್ಟುಕೊಂಡೆ. ಗಿರಿಧರ ಅದನ್ನು ಮೇಜಿನ ಮೇಲೆ ಇಟ್ಟು, “ಅಕ್ಕ ಕೈಗೇ ಕೊಡು ಅಂದಿದಾಳೆ” ಎಂದು ಮತ್ತೆ ಎತ್ತಿ ನನ್ನ ಕೈಗೆ ಕೊಟ್ಟ.

ತೆರೆದು ನೋಡುವುದಷ್ಟೇ ಸಾಲದು ಅನ್ನಿಸಿತು. ಪ್ರತಿ ದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಒಂದು ಗಂಟೆ ಕೇಳುತ್ತಿದ್ದೇನೆ. ಇಪ್ಪತ್ತೊಂಬತ್ತು ಗಂಟೆ ಆಯಿತು. ಯಾವ ಫೈಲೂ ಕೆಟ್ಟಿಲ್ಲ. ನಿನ್ನೆ ಕೇಳಿದ ಪದದ ನಡುವೆ ನೀನು ಸೀನಿದ್ದೀಯ.

ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಸಮಿತಿ ಸೇರಿತ್ತು. ನಿನ್ನ ಕೆಲಸವನ್ನು ಕೈಬಿಡುವ ವಿಷಯ ಮೊದಲೇ ಬಂತು. ನಾನು ಎದ್ದು ನಿಂತು, ಒಂದು ಪದ ಕೇಳಿ ಆಮೇಲೆ ತೀರ್ಮಾನಿಸಿ ಎಂದೆ. ನೀನು ಹಳೆಯ ಸಾಫ್ಟ್‌ವೇರ್‌ನಲ್ಲಿ ಮೊದಲು ಕಳಿಸಿದ್ದ ಭತ್ತ ಕುಟ್ಟುವ ಪದವನ್ನು ಆಫೀಸಿನ ಕಂಪ್ಯೂಟರಿನಲ್ಲಿ ಹಚ್ಚಿದೆ. ಎಲ್ಲರೂ ತಲೆದೂಗಿದರು. ಅರ್ಧಕ್ಕೆ ಅದನ್ನು ಮುಚ್ಚಿ, ನೆಟ್ಟಿನ ಕೇಬಲ್ ಕಿತ್ತು, ಮತ್ತೆ ತೆರೆಯಲು ಹೋದೆ. ‘ನಿಮ್ಮ ಖಾತೆಯನ್ನು ಪರಿಶೀಲಿಸಲು ಆಗುತ್ತಿಲ್ಲ’ ಎಂದು ಬಂತು. ಪದ ತೆರೆಯಲಿಲ್ಲ.

“ಕೇಬಲ್ ಯಾಕಮ್ಮಾ ಕಿತ್ತೆ?” ಎಂದರು ಮೇಷ್ಟ್ರು.

“ಹಾರಂಬಳ್ಳಿಯಲ್ಲಿ ಇದು ಇಲ್ಲ ಸರ್. ಆ ಹೆಂಗಸಿನ ಮನೆಯಲ್ಲಿ ಕೂತು ಕೇಳಿದರೆ ಹೀಗೇ ಆಗೋದು” ಎಂದೆ. ಆಮೇಲೆ ನನ್ನ ಚೀಲದಿಂದ ಬಂಗಾರಮ್ಮನ ಡಿಸ್ಕ್ ತೆಗೆದು ಜೋಡಿಸಿದೆ. ಅದೇ ಪದ, ಅದೇ ಕಂಪ್ಯೂಟರ್. ಒತ್ತಿದ ಕೂಡಲೇ ಹಾಡಿತು. ಈ ಸಲ ಪದ ಕೊನೆಯವರೆಗೂ ನಡೆಯಿತು.

ಸಮಿತಿಯ ಮಹಾಗಣಪತಿಯವರು ಒಪ್ಪಲಿಲ್ಲ. “ನಿಯಮ ತಂದವಳೇ ನೀನು. ಡಿಸ್ಕ್ ಬಿದ್ರೆ ಏನು ಗತಿ ಅಂತ ಅವತ್ತು ನೀನೇ ಕೇಳಿದ್ದಲ್ವಾ?” ಎಂದರು. ಅವರು ಕೇಳಿದ್ದು ಸರಿ. ಹಾಗಾಗಿ ಹೇಳಿಬಿಟ್ಟೆ. ಮೇಗರವಳ್ಳಿ, ಹತ್ತು ದಿನ, ಅಜ್ಜ, ಎಲ್ಲವನ್ನೂ ಏಳು ಜನರ ಮುಂದೆ ಹೇಳಿದೆ. “ಅವತ್ತು ಒಂದೇ ಡಿಸ್ಕ್ ಇತ್ತು, ಅದೂ ನನ್ನ ಕೈಲಿತ್ತು. ನನ್ನ ತಪ್ಪಿಗೆ ಎಲ್ಲರ ಹಾಡಿಗೂ ಬೀಗ ಹಾಕಿಸಿದೆ. ಮೂರು ಪ್ರತಿ ಮೂರು ಊರಲ್ಲಿ ಇರಲಿ ಸರ್. ಒಂದಕ್ಕೆ ನಾನು ಹೊಣೆ, ಬರೆದುಕೊಡ್ತೀನಿ” ಎಂದೆ.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ನಾವು ಹಾಡು ಉಳಿಸೋಕೆ ಹೊರಟೋರು. ಹಾಡಿದವಳ ಮನೇಲೇ ಅದು ತೆರೆಯಲ್ಲ ಅಂದ್ರೆ ಉಳಿಸಿದ್ದು ಯಾರಿಗೆ?” ಎಂದರು.

ನಿಯಮ ಪೂರ್ತಿ ಬದಲಾಗಿಲ್ಲ. ಉಳಿದ ಹನ್ನೊಂದು ಕೆಲಸಗಳು ಈಗ ಹೇಗಿವೆಯೋ ಹಾಗೇ. ನಿನ್ನ ಕೆಲಸಕ್ಕೆ ಮಾತ್ರ ವಿನಾಯಿತಿ, ಮಾರ್ಚ್‌ವರೆಗೆ ಸಮಯ. ಹಾಡುವವರು ತಮ್ಮ ಹಾಡು ಎಲ್ಲಿರಬೇಕೆಂದು ತಾವೇ ಹೇಳುವ ಒಂದು ಸಾಲನ್ನು ಇನ್ನು ಮೇಲೆ ಎಲ್ಲ ಕರಾರಿನಲ್ಲೂ ಸೇರಿಸುವಂತೆ ಮುಂದಿನ ಸಭೆಯಲ್ಲಿ ಕೇಳುತ್ತೇನೆ. ಸೋತರೆ ಅದರ ಮುಂದಿನ ಸಭೆಯಲ್ಲಿ ಕೇಳುತ್ತೇನೆ.

ಬಂಗಾರಮ್ಮನವರಿಗೆ ನನ್ನ ನಮಸ್ಕಾರ ತಿಳಿಸು.

ಪ್ರೇರಣಾ

*

ಹಾರಂಬಳ್ಳಿ
24 ನವೆಂಬರ್ 2024

ಪ್ರೇರಣಾ,

ದೊಡ್ಡಮ್ಮನ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಹೊಸನಗರದಲ್ಲಿ ಅಂಚೆಗೆ ಹಾಕುತ್ತೇನೆ.

ಉಳಿದ ಹನ್ನೆರಡರಲ್ಲಿ ಮೊದಲನೆಯದನ್ನು ಇವತ್ತು ತಂದಿದ್ದೆ. ಹೆಣ್ಣು ಒಪ್ಪಿಸುವ ಪದ, ಒಂದು ಮದುವೆ ಮನೆಯಲ್ಲೇ ಹಿಡಿದದ್ದು. ನನ್ನ ಮಟ್ಟಿಗೆ ಅದು ಚೆನ್ನಾಗಿ ಬಂದಿತ್ತು. ದೂರದಲ್ಲಿ ಬೊಗಳಿದ ನಾಯಿ, ಕೆಮ್ಮು, ಪಾತ್ರೆ ಸದ್ದು ಎಲ್ಲ ತೆಗೆದು ತೊಳೆದಿಟ್ಟ ಹಾಗೆ ಮಾಡಿದ್ದೆ. ಮಾತಿಲ್ಲದೆ ಅವಳು ತಪ್ಪು ಹೇಗೆ ಹೇಳುತ್ತಾಳೆ ಎಂಬ ಅಳುಕು ಮಾತ್ರ ಇತ್ತು.

ಪದ ಅರ್ಧಕ್ಕೆ ಬಂದಾಗ ಅವಳು ಅಂಗೈ ಎತ್ತಿದಳು. ದಣಿವಾಯಿತೇನೋ ಎಂದು ನಿಲ್ಲಿಸಿದೆ. ಅಲ್ಲ ಎಂದು ತಲೆಯಾಡಿಸಿದಳು. ಮತ್ತೆ ಹಚ್ಚಿದೆ. ಅದೇ ಜಾಗದಲ್ಲಿ ಮತ್ತೆ ಅಂಗೈ.

“ಅಲ್ಲಿ ಎಂತದೋ ಹೋಗಿದೆ ಅಂತಾಳೆ” ಎಂದ ಕಾಂತರಾಜ್ ಅಣ್ಣ.

“ಸಾಲು ಬಿಟ್ಟಿಲ್ಲ ಅಣ್ಣ. ನಾನು ಪದ ಬರ್ಕೊಂಡಿರೋ ಪುಸ್ತಕ ಹಿಡ್ಕೊಂಡೇ ನೋಡಿದೀನಿ.”

ದೊಡ್ಡಮ್ಮ ಅಸಹನೆಯಿಂದ ತೊಡೆಯ ಮೇಲೆ ತಾಳ ಹಾಕತೊಡಗಿದಳು. ತುಟಿಯಲ್ಲೇ ಪದ ಹೇಳಿಕೊಂಡಳು, ಸದ್ದಿಲ್ಲದೆ. ‘ನಮ್ಮ ಮಗಳನ್ನ ನಿಮ್ಮ ಮಡಿಲಿಗೆ’ ಎಂಬಲ್ಲಿಗೆ ಬಂದು ಕೈ ಮೇಲೆತ್ತಿ ಹಾಗೇ ನಿಲ್ಲಿಸಿದಳು. ಎದುರಿಗೆ ಯಾರೋ ಕೂತಿರುವಂತೆ ನೋಡಿದಳು. ಕೈ ಗಾಳಿಯಲ್ಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಕೈ ನಿಧಾನವಾಗಿ ಇಳಿಯಿತು, ತುಟಿ ಮತ್ತೆ ಆಡಿತು.

ಆಗ ಅರ್ಥವಾಯಿತು. ಅಲ್ಲಿ ಒಂಬತ್ತು ಸೆಕೆಂಡ್ ಯಾರೂ ಹಾಡಿರಲಿಲ್ಲ. ಹಾಡುವವರು ಮರೆತಿದ್ದಾರೆ ಎಂದುಕೊಂಡು ನಾನು ಕತ್ತರಿಸಿ, ಎರಡು ತುದಿಯನ್ನೂ ಕಾಣದಂತೆ ಸೇರಿಸಿದ್ದೆ. ಕಾಂತಣ್ಣ ವಿವರಿಸಿದ. ಹೆಣ್ಣಿನ ಅವ್ವ ಅತ್ತು ಮುಗಿಸುವವರೆಗೆ ಪದ ನಿಲ್ಲಬೇಕಂತೆ. ಅವಳ ಅಳು ನಿಲ್ಲದೆ ಮುಂದಿನ ಸಾಲು ಎತ್ತಬಾರದಂತೆ.

ಹಾರ್ಡ್‌ಡಿಸ್ಕ್ ಜೋಡಿಸಿದೆ. ಮೂಲ ಅದರಲ್ಲೇ ಇತ್ತು. ಅಲ್ಲೇ ಚಾಪೆಯ ಮೇಲೆ ಕೂತು ಆ ಒಂಬತ್ತು ಸೆಕೆಂಡನ್ನು ತಂದು ಮೊದಲಿನ ಜಾಗಕ್ಕೆ ಹಾಕಿದೆ. ಐದು ನಿಮಿಷದ ಕೆಲಸ, ಯಾರನ್ನೂ ಕೇಳಬೇಕಾಗಲಿಲ್ಲ.

ಮತ್ತೆ ಹಚ್ಚಿದಾಗ ಆ ಮೌನದಲ್ಲಿ ಬಳೆ ಸದ್ದು ಕೇಳಿಸಿತು. ಯಾರೋ ಮೂಗು ಒರೆಸಿಕೊಂಡರು. ಒಂದು ಮಗು ಏನೋ ಕೇಳಿತು, ಯಾರೋ ಅದನ್ನು ಸುಮ್ಮನಿರಿಸಿದರು. ದೊಡ್ಡಮ್ಮ ಈ ಸಲವೂ ಕೈ ಎತ್ತಿ ಹಿಡಿದಿದ್ದಳು. ಅವಳ ಕೈ ಇಳಿದ ಕ್ಷಣಕ್ಕೇ ಅವಳ ದನಿ ಲ್ಯಾಪ್‌ಟಾಪಿನಿಂದ ಎದ್ದಿತು, ಎರಡು ವರ್ಷದ ಹಿಂದಿನ ದನಿ. ನನಗೆ ತಡೆಯಲಾಗಲಿಲ್ಲ. ಕಾಂತಣ್ಣ ಎದ್ದು ಹೊರಗೆ ಹೋದ.

ದೊಡ್ಡಮ್ಮ ಅಳಲಿಲ್ಲ. ಪದ ಮುಗಿದದ್ದೇ ಎರಡು ಬೆರಳಿಂದ ಲ್ಯಾಪ್‌ಟಾಪನ್ನು ತಟ್ಟಿ, ಮುಂದಿನದು ಹಚ್ಚು ಎಂದು ಸನ್ನೆ ಮಾಡಿದಳು.

ಇಷ್ಟರವರೆಗೆ ಮುಗಿದ ಮೂವತ್ತೊಂದನ್ನೂ ಈಗ ಇನ್ನೊಮ್ಮೆ ನೋಡಬೇಕು. ಆಪರೇಷನ್ನಿನ ಅವಸರದಲ್ಲಿ ಆಗ ಸಾಲುಗಳು ಸರಿಯಿವೆಯೇ ಎಂದಷ್ಟೇ ನೋಡಿದ್ದೆವು. ಇನ್ನೆಲ್ಲೆಲ್ಲಿ ಇಂಥ ಜಾಗಗಳನ್ನು ಕತ್ತರಿಸಿದ್ದೇನೋ. ಒಬ್ಬಳಿಂದ ಮಾರ್ಚ್‌ಗೆ ಮುಗಿಯುವುದಿಲ್ಲ. ನೀನು ಮೂಲವನ್ನೆಲ್ಲ ಕೇಳಿದವಳು; ಎಲ್ಲಿ ಯಾರು ಸುಮ್ಮನಾದರು ಎಂಬುದು ನನಗಿಂತ ನಿನಗೆ ಗೊತ್ತಿರಬಹುದು.

ಮುಂದಿನ ಭಾನುವಾರ ಬಾ. ಹೊಸನಗರದಿಂದ ಹತ್ತೂವರೆಗೆ ಈ ಕಡೆ ಬಸ್ಸಿದೆ. ನಿನ್ನ ಡಿಸ್ಕನ್ನೂ ತಾ, ತಿದ್ದಿದ ಪದಗಳನ್ನು ಅದಕ್ಕೂ ಹಾಕೋಣ. ನೀನು ಬರುತ್ತೀಯ ಎಂದು ದೊಡ್ಡಮ್ಮನಿಗೆ ಹೇಳಿಬಿಟ್ಟಿದ್ದೇನೆ.

ನಿನ್ನ
ಸ್ವಾತಿ